ವಯಸ್ಸಾಯ್ತು ಎಂಬುದು ರೋಗದ ಹೆಸರಲ್ಲ



ಮುಪ್ಪಿನ ಬಗ್ಗೆ ಅಧ್ಯಯನ ಮಾಡುವವರು ಯಾವ ದೇಶದವರೇ ಆಗಿರಲಿ, ಅವರ ಹಾಳೆಯ ಮೊದಲ ಸಾಲಿನಲ್ಲಿರುವುದು ಒಂದೇ ಪ್ರಶ್ನೆ: ನಿಮ್ಮ ವಯಸ್ಸೆಷ್ಟು? ಬಸವಕಲ್ಯಾಣದ ಸುತ್ತಿನ ಹಳ್ಳಿಗಳಲ್ಲಿ, ಹುಮನಾಬಾದಿನ ಸಂತೆಗೆ ಬಂದು ಕೂತ ಹಿರಿಯರಲ್ಲಿ ಈ ಪ್ರಶ್ನೆ ಕೇಳಿ ನೋಡಿ. "ರಜಾಕಾರರ ಗದ್ಲದಾಗ ನಾ ಅವ್ವನ ಬಗಲಾಗ ಇದ್ನಂತ್ರಿ" ಎನ್ನುತ್ತಾರೆ ಒಬ್ಬರು. "ಎಪ್ಪತ್ತೆರಡರ ಬರದಾಗ ನನ್ನ ಹಿರೀ ಮಗ ತೊಟ್ಟಲದಾಗಿದ್ದ" ಎನ್ನುತ್ತಾರೆ ಇನ್ನೊಬ್ಬರು. ವಯಸ್ಸನ್ನು ಅವರು ವರ್ಷದಿಂದ ಎಣಿಸಿಲ್ಲ, ಊರಿನ ಮೇಲೆ ಹಾದುಹೋದ ಸುಖದುಃಖಗಳಿಂದ ಎಣಿಸಿದ್ದಾರೆ.

ತಿಳಿದ ಸಂಶೋಧಕರು ಇಂಥ ಉತ್ತರವನ್ನು ತಳ್ಳಿಹಾಕುವುದಿಲ್ಲ. ಊರಿನವರೆಲ್ಲರೂ ನೆನಪಿಟ್ಟುಕೊಂಡಿರುವ ಘಟನೆಗಳ ಪಟ್ಟಿಯೊಂದನ್ನು ಮೊದಲೇ ಸಿದ್ಧಮಾಡಿಕೊಂಡು ಹೋಗುತ್ತಾರೆ. ನಮ್ಮ ಭಾಗಕ್ಕೆ ಅಂಥ ಪಟ್ಟಿ ಬರೆಯುವುದಾದರೆ 1948ರ ಮೇ ತಿಂಗಳಲ್ಲಿ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡ, ಅದೇ ವರ್ಷ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು, 1972ರ ಬರ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಜನರನ್ನು ಮನೆಯಿಂದ ಹೊರಗೆ ಓಡಿಸಿದ ಕಿಲ್ಲಾರಿ ಭೂಕಂಪ, ಇವೆಲ್ಲ ಇರಬೇಕಾಗುತ್ತದೆ. ಪೊಲೀಸ್ ಕಾರ್ಯಾಚರಣೆಯನ್ನು ಕಣ್ಣಾರೆ ಕಂಡು ನೆನಪಿಟ್ಟುಕೊಂಡವರಿಗೆ ಈಗ 80 ದಾಟಿದೆ. ಲೆಕ್ಕ ಹೀಗೆ ತಾನಾಗಿ ಸಿಗುತ್ತದೆ.

ಇದು ಬರೀ ಸಂಶೋಧಕರ ಕುತೂಹಲವೆಂದು ತಿಳಿಯಬೇಡಿ. ಆಧಾರ್ ಚೀಟಿ ಮಾಡಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1 ಎಂದು ಬರೆದದ್ದನ್ನು ನೀವು ನೋಡಿದ್ದೀರಿ. ವರ್ಷವೂ ಅಂದಾಜಿನದೇ. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಿರಬೇಕು. ನಿಜವಾಗಿ 68 ಆಗಿರುವ ಮುದುಕಿಗೆ ಚೀಟಿಯಲ್ಲಿ 61 ಎಂದು ಬಿದ್ದರೆ ತಿಂಗಳ 1,200 ರೂಪಾಯಿಗಾಗಿ ಆಕೆ ವರ್ಷಗಟ್ಟಲೆ ಕಾಯಬೇಕು. ವಯಸ್ಸನ್ನು ಕೇಳುವ ರೀತಿ ಸರಿಯಿಲ್ಲದಿದ್ದರೆ ಊಟದ ತಟ್ಟೆಯವರೆಗೂ ಅದರ ಪೆಟ್ಟು ಬೀಳುತ್ತದೆ.

ಇನ್ನು ನಾವು ಮನೆಯೊಳಗೆ ಕೇಳುವ ರೀತಿಯನ್ನು ನೋಡೋಣ. ಮುತ್ಯಾನಿಗೆ ನಡೆಯಲು ಆಗುತ್ತಿಲ್ಲ, ಆಯಿಗೆ ಊಟ ಸೇರುತ್ತಿಲ್ಲ, ಮಾತು ಮರೆಯುತ್ತಾಳೆ, ರಾತ್ರಿ ನಿದ್ದೆಯಿಲ್ಲ. ಯಾಕೆ ಎಂದು ಕೇಳುವವರು ಕಡಿಮೆ. "ವಯಸ್ಸಾದ ಮ್ಯಾಲ ಹಿಂಗ ಆಗೋದೇ ಬಿಡ್ರಿ" ಎಂಬ ಒಂದು ಮಾತಿನಲ್ಲಿ ಎಲ್ಲವೂ ಮುಗಿಯುತ್ತದೆ. ಮುಪ್ಪಿನ ವೈದ್ಯಶಾಸ್ತ್ರ ಹುಟ್ಟಿದ್ದೇ ಈ ಮಾತನ್ನು ಒಪ್ಪದವರಿಂದ.

ಇಂಗ್ಲೆಂಡಿನಲ್ಲಿ ಮಾರ್ಜರಿ ವಾರೆನ್ ಎಂಬ ವೈದ್ಯೆ ಇದ್ದರು. 1935ರಲ್ಲಿ ಅವರು ಕೆಲಸ ಮಾಡುತ್ತಿದ್ದ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆಗೆ ಪಕ್ಕದ ನಿರ್ಗತಿಕರ ಆಶ್ರಯಾಲಯದ ರೋಗಿಗಳನ್ನೂ ಸೇರಿಸಿದರು. ನೂರಾರು ಮುದುಕರು, ಮುದುಕಿಯರು ಹಾಸಿಗೆ ಹಿಡಿದು ಮಲಗಿದ್ದರು. ಅವರಿಗೆ ಏನಾಗಿದೆ ಎಂದು ಸರಿಯಾಗಿ ನೋಡಿದವರೇ ಇರಲಿಲ್ಲ. ವಾರೆನ್ ಒಬ್ಬೊಬ್ಬರನ್ನೇ ಪರೀಕ್ಷಿಸಿದರು. ಪಾರ್ಶ್ವವಾಯು ಹೊಡೆದವರು ಯಾರು, ಬರೀ ಮಲಗಿ ಮಲಗಿಯೇ ಕಾಲು ಸೆಟೆದವರು ಯಾರು, ಕಣ್ಣು ಕಾಣದೆ ಎದ್ದೇಳಲು ಹೆದರುವವರು ಯಾರು ಎಂದು ಬೇರೆ ಬೇರೆ ಮಾಡಿದರು. ಗೋಡೆಗೆ ಹಿಡಿಕೆ ಹಾಕಿಸಿದರು, ಕೋಣೆಗೆ ಬೆಳಕು ತಂದರು, ವ್ಯಾಯಾಮ ಮಾಡಿಸಿದರು. ಸಾಯುವವರೆಗೆ ಹಾಸಿಗೆಯಲ್ಲೇ ಎಂದು ಬರೆದಿಟ್ಟಿದ್ದವರಲ್ಲಿ ಎಷ್ಟೋ ಜನ ಎದ್ದು ನಡೆದರು, ಕೆಲವರು ಮನೆಗೂ ಹೋದರು. 1943 ಮತ್ತು 1946ರಲ್ಲಿ ಅವರು ಪ್ರಕಟಿಸಿದ ಲೇಖನಗಳು ಹಿರಿಯರ ಆರೈಕೆಯನ್ನು ವೈದ್ಯವಿದ್ಯೆಯ ಒಂದು ಪ್ರತ್ಯೇಕ ಶಾಖೆಯಾಗಿ ನಿಲ್ಲಿಸಿದವು. ನಮ್ಮ ದೇಶದಲ್ಲಿ ಹಿರಿಯರಿಗಾಗಿಯೇ ಹೊರರೋಗಿ ವಿಭಾಗ ಶುರುವಾದದ್ದು 1978ರಲ್ಲಿ, ಮದರಾಸಿನಲ್ಲಿ, ಡಾ. ವಿ.ಎಸ್. ನಟರಾಜನ್ ಅವರ ಪ್ರಯತ್ನದಿಂದ.

ಕರ್ನಾಟಕ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. ಮೈಸೂರಿನ ಕೆಲಸವನ್ನು ಮೊದಲು ಹೇಳುತ್ತೇನೆ, ಅದು ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು. ಮೈಸೂರಿಗರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುತ್ತಿದ್ದರು. ಆ ಹಳೆಯ ದಫ್ತರಗಳನ್ನು ಹಿಡಿದುಕೊಂಡು ಸಂಶೋಧಕರು ದಶಕಗಳ ಮೇಲೆ ಆ ಮಕ್ಕಳನ್ನು ಹುಡುಕಿಕೊಂಡು ಹೋದರು. ಆಗ ಅವರೆಲ್ಲ ನಡುವಯಸ್ಸು ಮುಟ್ಟಿದವರು, ದಾಟಿದವರು. ಅವರಲ್ಲಿ 517 ಜನರ ಹೃದಯ ಪರೀಕ್ಷೆ ಮಾಡಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ. ಬಸಿರಿನಲ್ಲಿ ತಾಯಿ ಉಂಡದ್ದು, ಉಣ್ಣದೆ ಇದ್ದದ್ದು ಐವತ್ತು ವರ್ಷದ ಮೇಲೆ ಮಗನ ಎದೆಯಲ್ಲಿ ನೋವಾಗಿ ಏಳಬಹುದೆಂದು ಕನ್ನಡ ನೆಲದ ಈ ಅಧ್ಯಯನ ಜಗತ್ತಿಗೆ ತೋರಿಸಿತು. ಅದೇ ದಾಖಲೆಗಳ ಬೆನ್ನು ಹತ್ತಿ ಇತ್ತೀಚೆಗೆ ಆ ತಲೆಮಾರಿನ ನೆನಪಿನ ಶಕ್ತಿಯನ್ನೂ ಪರೀಕ್ಷಿಸಿದ್ದಾರೆ.

ನಮ್ಮ ಕಡೆ ಇವತ್ತಿನ ಹಿರಿಯರು ಹುಟ್ಟಿದಾಗ ತಕ್ಕಡಿ ಹಿಡಿದವರಿಲ್ಲ. ಆದರೆ ಈಗ ತಾಲೂಕು ಆಸ್ಪತ್ರೆಯಲ್ಲಿ ಹುಟ್ಟುವ ಪ್ರತಿ ಕೂಸಿನ ತೂಕ ತಾಯಿ ಕಾರ್ಡಿನಲ್ಲಿ ಬೀಳುತ್ತದೆ. ಚುಚ್ಚುಮದ್ದು ಮುಗಿದ ಕೂಡಲೇ ಅದನ್ನು ಎಸೆಯಬೇಡಿ. ಪೆಟ್ಟಿಗೆಯಲ್ಲಿ ಕಾಗದಪತ್ರದ ಜೊತೆ ಇಡಿ. ಆ ಕೂಸು ಮುದುಕನಾದಾಗ ಅವನ ವೈದ್ಯನಿಗೆ ಅದು ಬೇಕಾಗುತ್ತದೆ.

ಎರಡನೆಯದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಅಧ್ಯಯನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಕೆಲಸ ಆರಂಭಿಸಿತು. 45 ದಾಟಿದ ಹತ್ತು ಸಾವಿರ ಗ್ರಾಮಸ್ಥರನ್ನು ವರ್ಷಾನುವರ್ಷ ನೋಡುತ್ತಾ ಹೋಗುವ ಗುರಿ ಅದರದು. ರಕ್ತ, ನೆನಪು, ನಡಿಗೆ, ಮಿದುಳಿನ ಚಿತ್ರ, ಎಲ್ಲವನ್ನೂ ದಾಖಲಿಸುತ್ತಾರೆ. ಒಂದು ಸಲ ಹೋಗಿ ಎಣಿಸಿ ಬರುವುದಕ್ಕೂ ಅದೇ ಮನುಷ್ಯರ ಬಳಿ ಮತ್ತೆ ಮತ್ತೆ ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ. ಮರೆವು ಯಾರಲ್ಲಿ ಶುರುವಾಯಿತು, ಶುರುವಾಗುವ ಮೊದಲು ಅವರ ಬಿಪಿ ಎಷ್ಟಿತ್ತು, ಶುಗರ್ ಎಷ್ಟಿತ್ತು ಎಂಬುದು ಹಾಗೆ ಹೋದರೆ ಮಾತ್ರ ತಿಳಿಯುತ್ತದೆ.

ಮೂರನೆಯದು ದೇಶಕ್ಕೆಲ್ಲ ಸೇರಿದ್ದು, ಲಾಸಿ ಎಂದು ಕರೆಯುವ ದೀರ್ಘಕಾಲೀನ ಅಧ್ಯಯನ. ಮುಂಬೈನ ಜನಸಂಖ್ಯಾ ವಿಜ್ಞಾನ ಸಂಸ್ಥೆ ಅಮೆರಿಕದ ವಿಶ್ವವಿದ್ಯಾಲಯಗಳ ಜೊತೆ ಸೇರಿ ನಡೆಸುತ್ತಿರುವ ಇದರ ಪ್ರಾಯೋಗಿಕ ಸುತ್ತು 2010ರಲ್ಲಿ ನಾಲ್ಕು ರಾಜ್ಯಗಳಲ್ಲಿ ನಡೆಯಿತು, ಅದರಲ್ಲಿ ಕರ್ನಾಟಕವೂ ಒಂದು. 2017–18ರ ಮೊದಲ ದೊಡ್ಡ ಸುತ್ತಿನಲ್ಲಿ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. 60 ದಾಟಿದವರಲ್ಲಿ ಹೆಚ್ಚಿನವರಿಗೆ ಒಂದಲ್ಲ ಒಂದು ದೀರ್ಘಕಾಲದ ಕಾಯಿಲೆ ಇದೆಯೆಂದೂ, ನಾಲ್ವರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಇರಬೇಕಾದ ತೂಕಕ್ಕಿಂತ ಕಡಿಮೆ ಇದ್ದಾರೆಂದೂ ಕಂಡುಬಂತು. ದೊಡ್ಡ ಕೆಲಸವೇ ಸರಿ. ಆದರೆ ಅದು ಕೊಡುವುದು ರಾಜ್ಯದ ಲೆಕ್ಕ. ಬೆಂಗಳೂರಿನ ಅಜ್ಜನೂ ಹುಲಸೂರಿನ ಮುತ್ಯಾನೂ ಒಂದೇ ಸರಾಸರಿಯಲ್ಲಿ ಕರಗಿಹೋಗುತ್ತಾರೆ.

ನಮ್ಮ ಮುತ್ಯಾನ ಪಾಡು ಬೇರೆ. ಮಕ್ಕಳು ಹೈದರಾಬಾದ್, ಪುಣೆ, ಮುಂಬೈ ಸೇರಿದ್ದಾರೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು ಬೆರೆತ ಮಾತು ಆಡಿ ಬೆಳೆದವರು. ಬೇಸಿಗೆಯ ಬಿಸಿಲು ಬೇರೆ, ದೊಡ್ಡ ಆಸ್ಪತ್ರೆಯ ದೂರ ಬೇರೆ. ಇವರಿಗೆ ಕೇಳುವ ಪ್ರಶ್ನೆ ಇಲ್ಲಿಂದಲೇ ಹುಟ್ಟಬೇಕು. ಆರೋಗ್ಯ ಶಿಬಿರವೊಂದರಲ್ಲಿ ನಾನು ಕಂಡದ್ದನ್ನು ಹೇಳಿದರೆ ನನ್ನ ಮಾತು ನಿಮಗೆ ತಿಳಿದೀತು.

ಕಟ್ಟೆಯ ಮೇಲೆ ಕೂತ ಆಯಿಯೊಬ್ಬರಿಗೆ ನೆನಪಿನ ಪರೀಕ್ಷೆ ನಡೆದಿತ್ತು. ಹುಡುಗಿ ಕೈಯಲ್ಲಿ ಹಾಳೆ ಹಿಡಿದು ಕೇಳಿದಳು:

"ಆಯಿ, ಇವತ್ತ ತಾರೀಖ ಎಷ್ಟ್ರಿ?"

"ತಾರೀಖ ತಗೊಂಡು ನಾ ಏನ್ ಮಾಡ್ಲವ್ವ. ಎಳ್ಳಮಾಸಿ ಆಗಿ ಎಂಟ ದಿನ ಆದ್ವು. ಹುಮನಾಬಾದ ವೀರಭದ್ರನ ಜಾತ್ರಿ ಇನ್ನ ಮುಂದ ಅದ."

"ನೂರರಾಗ ಏಳ ತೆಗದ್ರ ಎಷ್ಟ ಉಳೀತಾವ್ರಿ?"

"ನಾ ಸಾಲಿ ಕಲ್ತಾಕಿ ಅಲ್ಲವ್ವ."

ಹುಡುಗಿ ಸೊನ್ನೆ ಬರೆಯಲು ಹೋದಳು. ಪಕ್ಕದಲ್ಲಿದ್ದ ಹಿರಿಯ ನರ್ಸ್ ತಡೆದು, "ಆಯಿ, ನೂರರ ನೋಟ ಕೊಟ್ಟು ಏಳ ರೂಪಾಯಿ ಎಲಿಅಡಕಿ ತಗೊಂಡ್ರ ಅಂಗಡಿಯಾಂವ ಎಷ್ಟ ವಾಪಸ್ ಕೊಡಬೇಕು?" ಎಂದು ಕೇಳಿದರು. "ತೊಂಬತ್ತಮೂರು. ಕಮ್ಮಿ ಕೊಟ್ರ ಬಿಡಾಕಿ ಅಲ್ಲ ನಾ" ಎಂದರು ಆಯಿ.

ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ಒಂದು ವಾಕ್ಯ ಬರೆಯಿರಿ, ಈ ಚಿತ್ರ ನೋಡಿ ಬಿಡಿಸಿ ಎನ್ನುವ ಆ ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಶಾಲೆಗೆ ಹೋಗಿ ಬಂದವರಿಗಾಗಿ ಮಾಡಿದ್ದು. ಅಕ್ಷರ ಬಾರದವರ ಮುಂದೆ ಇಟ್ಟರೆ ಜಾಣರೂ ಮರೆಗುಳಿಗಳಾಗಿ ಕಾಣುತ್ತಾರೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ಮೇರಿ ಗಂಗೂಲಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ತಿದ್ದಿದರು. ಕಳೆಯುವ ಲೆಕ್ಕದ ಬದಲು ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಿದರು. ವಾಕ್ಯ ಬರೆಸುವ ಬದಲು ನಿಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಿ ಎಂದರು. ತಾರೀಖಿನ ಜೊತೆಗೆ, ಈಗ ಮುಂಜಾನೆಯೋ ಸಂಜೆಯೋ ಎಂದೂ ಕೇಳಿದರು. 'ಕಣ್ಣು ಮುಚ್ಚಿ' ಎಂದು ಬರೆದದ್ದನ್ನು ಓದಿಸುವ ಬದಲು ತಾವೇ ಕಣ್ಣು ಮುಚ್ಚಿ ತೋರಿಸಿ, ನಾನು ಮಾಡಿದಂತೆ ಮಾಡಿ ಎಂದರು. ಲಾಸಿಯವರು ಮರೆವಿನ ಬಗ್ಗೆ ನಡೆಸಿದ ಅಧ್ಯಯನವೂ ಈ ತಿದ್ದಿದ ಪರೀಕ್ಷೆಯನ್ನು ಬಳಸಿಕೊಂಡಿತು.

ಬೀದರ್ ಜಿಲ್ಲೆಗೆ ಬಂದರೆ ಇದೂ ಸಾಲದು. ನಿಜಾಮನ ಕಾಲದಲ್ಲಿ ಇಲ್ಲಿಯ ಶಾಲೆಗಳ ಪಾಠ ಉರ್ದುವಿನಲ್ಲಿ. ಆಗ ಶಾಲೆ ಕಲಿತ ಮುತ್ಯಾ ಕನ್ನಡ ಮಾತಾಡುತ್ತಾನೆ, ಉರ್ದು ಓದುತ್ತಾನೆ. ಅವನ ಮುಂದೆ ಕನ್ನಡ ಹಾಳೆ ಹಿಡಿದು ಓದಿ ಎಂದರೆ ಓದಲಾರ. ನಾವು ಅವನನ್ನು ಅನಕ್ಷರಸ್ಥ ಎಂದು ಬರೆದುಕೊಳ್ಳುತ್ತೇವೆ. ಇದನ್ನೆಲ್ಲ ಬಲ್ಲವರು ಇದೇ ಮಣ್ಣಿನವರು. ಪ್ರಶ್ನೆಯನ್ನು ಅವರೇ ಬರೆಯಬೇಕು.

ಹಾಗಾದರೆ ನಿಜವಾದ ಮರೆಗುಳಿ ಕಾಯಿಲೆ ಎಂದರೆ ಯಾವುದು? ತಾರೀಖು ತಪ್ಪುವುದಲ್ಲ, ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದೂ ಅಲ್ಲ. ಎಳ್ಳಮಾಸಿಗೆ ಐವತ್ತು ವರ್ಷ ಭಜ್ಜಿ, ಅಂಬಲಿ ಮಾಡಿ ಹೊಲಕ್ಕೆ ಒಯ್ದ ಕೈ ಒಂದು ವರ್ಷ ಅರ್ಧಕ್ಕೆ ನಿಂತು, ಮುಂದೆ ಏನು ಹಾಕಬೇಕೆಂದು ತಿಳಿಯದೆ ಒಲೆ ನೋಡುತ್ತಾ ಕೂತರೆ, ತನ್ನದೇ ಹೊಲದಿಂದ ಮನೆಗೆ ಬರುವ ದಾರಿ ಮುತ್ಯಾನಿಗೆ ತಪ್ಪಿದರೆ, ಅದಕ್ಕೆ ಅರಳುಮರಳು ಎಂದು ಹೆಸರಿಟ್ಟು ಸುಮ್ಮನಾಗಬೇಡಿ. ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆಯೆಂದು ಲಾಸಿ ಅಧ್ಯಯನ ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. 2024ರಲ್ಲಿ ಲ್ಯಾನ್ಸೆಟ್ ಆಯೋಗ ಕೊಟ್ಟ ವರದಿಯ ಪ್ರಕಾರ ಜಗತ್ತಿನ ಮರೆಗುಳಿತನದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು, ನೂರಕ್ಕೆ 45ರಷ್ಟು, ನಾವು ತಡೆಯಬಹುದಾದ ಅಥವಾ ಮುಂದೂಡಬಹುದಾದ ಕಾರಣಗಳಿಗೆ ಅಂಟಿಕೊಂಡಿದೆ. ಓದು ಸಿಗದಿರುವುದು, ಕಿವಿ ಮಂದವಾಗುವುದು, ಕಣ್ಣಿಗೆ ಚಿಕಿತ್ಸೆ ಕೊಡಿಸದಿರುವುದು, ಬಿಪಿ, ಶುಗರ್, ತಂಬಾಕು, ಒಂಟಿತನ ಆ ಪಟ್ಟಿಯಲ್ಲಿವೆ. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವುದು ಅವರ ಮುಪ್ಪಿಗೂ ಔಷಧ ಎಂದಾಯಿತಲ್ಲ.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಿನ್ನೆಯವರೆಗೆ ಸರಿಯಾಗಿದ್ದ ಹಿರಿಯರು ಇವತ್ತು ಇದ್ದಕ್ಕಿದ್ದಂತೆ ಏನೇನೋ ಮಾತಾಡುತ್ತಾ, ಮಂದಿಯ ಗುರುತು ಹಿಡಿಯದೆ, ಹಗಲು ನಿದ್ದೆ, ರಾತ್ರಿ ಕೂಗಾಟ ಮಾಡತೊಡಗಿದರೆ ಅದು ಮರೆಗುಳಿ ಕಾಯಿಲೆಯ ರೀತಿಯಲ್ಲ. ಅದರ ಹಿಂದೆ ಮೂತ್ರದ ಸೋಂಕು ಇರಬಹುದು, ಎದೆಯ ಸೋಂಕು ಇರಬಹುದು, ಬಿಸಿಲಿಗೆ ಮೈಯ ನೀರು ಹೋಗಿರಬಹುದು, ರಕ್ತದಲ್ಲಿ ಉಪ್ಪಿನ ಅಂಶ ಇಳಿದಿರಬಹುದು, ಹೊಸ ಗುಳಿಗೆ ಒಗ್ಗದೆ ಇರಬಹುದು. ಮುದುಕರಲ್ಲಿ ಎಷ್ಟೋ ಸಲ ಜ್ವರ ಕೂಡ ಬರುವುದಿಲ್ಲ, ಗೊಂದಲವೇ ರೋಗದ ಮೊದಲ ಗುರುತು. ಅದೇ ದಿನ ಆಸ್ಪತ್ರೆಗೆ ಒಯ್ದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ದೃಷ್ಟಿ ತೆಗೆಸಿ, ದಾರ ಕಟ್ಟಿಸಿ ಎರಡು ದಿನ ಕಳೆದರೆ ಜೀವಕ್ಕೆ ಅಪಾಯ. ನಿಧಾನವಾಗಿ ಬಂದ ಮರೆವಿನಲ್ಲೂ ಥೈರಾಯಿಡ್ ಮತ್ತು ಬಿ-12 ಪರೀಕ್ಷೆ ಮಾಡಿಸಬೇಕು. ಅವೆರಡರ ಕೊರತೆಯಿಂದ ಬಂದ ಮಂಕು ಗುಳಿಗೆಗೆ ಬಗ್ಗುತ್ತದೆ.

ಕಾಲಿನ ಮಾತಿಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ ಹಿರಿಯರ ಆರೈಕೆಗೆ ಮಾಡಿಕೊಟ್ಟ ಮಾರ್ಗದರ್ಶಿಯಲ್ಲಿ ಒಂದು ಸರಳ ಪರೀಕ್ಷೆ ಇದೆ. ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಹಿರಿಯರು ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿಕೊಂಡು, ಕೈ ಊರದೆ, ಐದು ಸಲ ಪೂರ್ತಿ ಎದ್ದು ಕೂರಬೇಕು. ನೀವು ಪಕ್ಕದಲ್ಲೇ ನಿಂತಿರಿ, ಮೊಬೈಲಿನಲ್ಲಿ ಸೆಕೆಂಡು ನೋಡಿ. 14 ಸೆಕೆಂಡಿನೊಳಗೆ ಮುಗಿದರೆ ಒಳ್ಳೆಯದು. ಹೆಚ್ಚು ಹಿಡಿದರೆ, ಅಥವಾ ನಡುವೆ ನಿಂತುಹೋದರೆ, ಕಾಲಿನ ಕಸುವು ಕರಗುತ್ತಿದೆ ಎಂದರ್ಥ. ಬೀಳುವುದು ಮುಂದಿನ ಹೆಜ್ಜೆ. ಬಿದ್ದು ತೊಡೆಯ ಸಂದು ಮುರಿದ ಮೇಲೆ ಮೊದಲಿನಂತೆ ಓಡಾಡುವವರು ಕಡಿಮೆ. ಬೀಳುವ ಜಾಗವೂ ನಮಗೆ ಗೊತ್ತು: ರಾತ್ರಿ ಎದ್ದು ಅಂಗಳ ದಾಟಿ ಹೊರಗೆ ಹೋಗುವ ದಾರಿ, ಹೊಸ್ತಿಲು, ಬಚ್ಚಲ ಕಲ್ಲು. ಒಂದು ಸಣ್ಣ ದೀಪ, ಗೋಡೆಗೆ ಒಂದು ಹಿಡಿಕೆ, ಬಚ್ಚಲಿಗೆ ಒರಟು ಹಾಸು ಹಾಕಿಸಿ. ಆಪರೇಷನ್ ಖರ್ಚಿನ ಮುಂದೆ ಇದು ಏನೂ ಅಲ್ಲ.

ಕಸುವು ಉಳಿಯಬೇಕಾದರೆ ಊಟ ಬೇಕು. ನಾವಿರುವುದು ತೊಗರಿ ಬೆಳೆಯುವ ನಾಡಿನಲ್ಲಿ. ಆದರೂ ಮುದುಕರ ತಟ್ಟೆಗೆ ಬೀಳುವುದು ತಿಳಿ ಸಾರು. ಹಲ್ಲಿಲ್ಲ, ಜೋಳದ ರೊಟ್ಟಿ ಕಡಿಯಲಾಗುವುದಿಲ್ಲ, ಎಲ್ಲರೂ ಉಂಡ ಮೇಲೆ ಉಣ್ಣುವ ರೂಢಿ ಬೇರೆ. ಮುಪ್ಪಿನಲ್ಲಿ ಮಾಂಸಖಂಡ ಸವೆಯದಿರಲು ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ ಸುಮಾರು ಒಂದು ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರು ಹೇಳುತ್ತಾರೆ. ಐವತ್ತು ಕಿಲೋ ತೂಗುವ ಆಯಿಗೆ ಐವತ್ತು ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಕೊಳ್ಳಬೇಕು. ಉಳಿದವರಿಗೆ ರೊಟ್ಟಿಯನ್ನು ಗಟ್ಟಿ ಬೇಳೆಯಲ್ಲಿ ನೆನೆಸಿ ಕೊಡಿ, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ ಕೊಡಿ, ಎಲ್ಲರಿಗಿಂತ ಮೊದಲು ಕೊಡಿ.

ಕಣ್ಣಿನ ಮೋತಿಬಿಂದು ತೆಗೆಸಬೇಕೆಂಬ ತಿಳಿವಳಿಕೆ ಈಗ ಬಂದಿದೆ. ಕಿವಿಯ ವಿಚಾರದಲ್ಲಿ ಇನ್ನೂ ಬಂದಿಲ್ಲ. ಕಿವಿ ಕೇಳದವರನ್ನು ಮಾತಿಗೆ ಕರೆಯುವುದನ್ನೇ ಬಿಡುತ್ತೇವೆ, ಅವರು ಮಾತು ಮರೆಯುತ್ತಾರೆ. ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಕಿವಿಯ ಯಂತ್ರ, ಕನ್ನಡಕ, ಹಲ್ಲಿನ ಸೆಟ್ಟು, ಊರುಗೋಲು, ಗಾಲಿಕುರ್ಚಿ ಪುಕ್ಕಟೆ ಕೊಡಲು 2017ರಿಂದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಪಂಚಾಯಿತಿಯಲ್ಲಿ ವಿಚಾರಿಸಿ.

ಇಷ್ಟು ಹೇಳಿದ ಮೇಲೆ, ಈ ಕೆಲಸವನ್ನೆಲ್ಲ ಮಾಡುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ಅದಕ್ಕೆ ಉತ್ತರ ಸೊಸೆ. ಸೋಯಾ ರಾಶಿಗೂ ಅವಳೇ ಹೋಗಬೇಕು, ರೊಟ್ಟಿ ಬಡಿಯುವವಳೂ ಅವಳೇ, ಅತ್ತೆಯ ಬಟ್ಟೆ ಒಗೆಯುವವಳೂ ಅವಳೇ. ಅವಳ ಬೆನ್ನುನೋವು, ಅವಳ ನಿದ್ದೆ ಯಾವ ಸಮೀಕ್ಷೆಯ ಹಾಳೆಯಲ್ಲೂ ಸುಲಭಕ್ಕೆ ಜಾಗ ಪಡೆಯುವುದಿಲ್ಲ. ಗೋವಾದಲ್ಲಿ ಇದನ್ನು ಎದುರಿಗಿಟ್ಟುಕೊಂಡು ಒಂದು ಪ್ರಯೋಗ ನಡೆಯಿತು. ಡಾ. ಅಮಿತ್ ಡಯಾಸ್ ಮತ್ತು ಸಂಗಡಿಗರು ಮರೆಗುಳಿ ಕಾಯಿಲೆಯವರಿದ್ದ 81 ಕುಟುಂಬಗಳನ್ನು ತೆಗೆದುಕೊಂಡರು. ಪಿಯುಸಿ ಮಟ್ಟದ ಓದಿನ ಸ್ಥಳೀಯರಿಗೆ ಸ್ವಲ್ಪ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. ಅವರು ಮಾಡಿದ್ದು ಬಹಳವೇನಲ್ಲ: ಕಾಯಿಲೆ ಎಂದರೆ ಏನೆಂದು ತಿಳಿಸಿ ಹೇಳಿದರು, ಹಿರಿಯರು ಸಿಟ್ಟಾದಾಗ ಹೇಗೆ ನಿಭಾಯಿಸಬೇಕೆಂದು ತೋರಿಸಿದರು, ಆರೈಕೆ ಮಾಡುವವರ ಕಷ್ಟ ಕೇಳಿದರು, ಸರಕಾರದ ಸವಲತ್ತಿನ ದಾರಿ ಹೇಳಿದರು. ಆರು ತಿಂಗಳಲ್ಲಿ ಆರೈಕೆ ಮಾಡುವವರ ಮನಸ್ಸಿನ ಆರೋಗ್ಯ ಎದ್ದು ಕಾಣುವಷ್ಟು ಸುಧಾರಿಸಿತ್ತು. 2008ರಲ್ಲಿ ಫಲಿತಾಂಶ ಪ್ರಕಟವಾದ ಈ ಪ್ರಯೋಗವನ್ನು ಬಸವಕಲ್ಯಾಣದಲ್ಲಿ ನಡೆಸಿ ನೋಡಲು ದೊಡ್ಡ ಯಂತ್ರ ಬೇಡ. ಆಶಾ ಕಾರ್ಯಕರ್ತೆಯರಿದ್ದಾರೆ, ಕಾಲೇಜು ಮುಗಿಸಿ ಮನೆಯಲ್ಲಿ ಕೂತ ಹುಡುಗಿಯರಿದ್ದಾರೆ.

ನಮ್ಮಲ್ಲಿ ಇನ್ನೊಂದು ರೂಢಿ ಇದೆ. ಅಣ್ಣತಮ್ಮಂದಿರು ಬೇರೆಯಾದಾಗ ತಂದೆತಾಯಿಗೆ ತಿಂಗಳ ಪಾಳಿ ಹಚ್ಚುತ್ತಾರೆ. ಪಾಳಿ ತಪ್ಪೆಂದು ನಾನು ಹೇಳುವುದಿಲ್ಲ, ಹಂಚಿಕೊಂಡರೆ ಹೊರೆ ಹಗುರಾಗುತ್ತದೆ. ಆದರೆ ತಿಂಗಳು ಬದಲಾದಾಗ ಮುತ್ಯಾ ಹೋಗುತ್ತಾನೆ, ಬಿಪಿ ಗುಳಿಗೆ ಹಿಂದಿನ ಮನೆಯ ಗೂಡಿನಲ್ಲೇ ಉಳಿಯುತ್ತದೆ. ಯಾವ ಡಾಕ್ಟರು ಏನು ಹೇಳಿದರೆಂದು ಯಾವ ಸೊಸೆಗೂ ಪೂರ್ತಿ ಗೊತ್ತಿರುವುದಿಲ್ಲ. ಒಂದು ಬಟ್ಟೆ ಚೀಲ ಹೊಲಿಸಿ. ಗುಳಿಗೆ, ಚೀಟಿ, ಆಧಾರ್, ಕನ್ನಡಕ ಎಲ್ಲ ಅದರಲ್ಲಿರಲಿ. ಅವರು ಹೋದಲ್ಲಿ ಚೀಲ ಹೋಗಲಿ.

ಸರಕಾರ 2010–11ರಲ್ಲಿ ಹಿರಿಯರ ಆರೋಗ್ಯಕ್ಕೆಂದು ರಾಷ್ಟ್ರೀಯ ಕಾರ್ಯಕ್ರಮ ತಂದಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನ, ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆರಡು ದಿನ ಹಿರಿಯರಿಗೇ ಮೀಸಲಾದ ತಪಾಸಣೆ, ಜಿಲ್ಲಾಸ್ಪತ್ರೆಯಲ್ಲಿ ಹತ್ತು ಹಾಸಿಗೆಯ ವಾರ್ಡು ಎಂದು ಅದರ ಮಾರ್ಗಸೂಚಿಯಲ್ಲಿದೆ. ನಿಮ್ಮ ಊರಿನ ಕೇಂದ್ರದಲ್ಲಿ ಆ ದಿನ ಯಾವುದು ಎಂದು ಗ್ರಾಮಸಭೆಯಲ್ಲಿ ಕೇಳಿ. ಬೀದರಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿದೆ, ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯವಿದೆ, ಬಸವಕಲ್ಯಾಣ, ಹುಮನಾಬಾದಿನಲ್ಲಿ ಪದವಿ ಕಾಲೇಜುಗಳಿವೆ. ಶ್ರೀನಿವಾಸಪುರದ ಹಾಗೆ ಇಲ್ಲಿಯ ಹತ್ತು ಹಳ್ಳಿಯ ಹಿರಿಯರನ್ನು ವರ್ಷಕ್ಕೊಮ್ಮೆ ಹೋಗಿ ನೋಡಿ ಬರೆದಿಡುವ ಕೆಲಸವನ್ನು ಈ ಅಧ್ಯಾಪಕರು, ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕು. ಗೋರ್ಟಾದ ವರ್ಷ ಹುಟ್ಟಿದವರು ಇನ್ನೆಷ್ಟು ದಿನ ಇರುತ್ತಾರೆ? ತಡಮಾಡಿದಷ್ಟೂ ನಷ್ಟ ನಮ್ಮದೇ.

ಕೊನೆಗೆ ಕಾನೂನಿನ ಮಾತು. ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಪಡೆಯಲು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಇದೆ. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಯವರಿಗೆ, ಅವರ ಕಚೇರಿ ಬಸವಕಲ್ಯಾಣದಲ್ಲೇ ಇದೆ. ವಕೀಲರನ್ನು ಹಿಡಿಯಬೇಕಾಗಿಲ್ಲ. ತಿಂಗಳಿಗೆ 10,000 ರೂಪಾಯಿಯವರೆಗೆ ಕೊಡಿಸಬಹುದು, ನೋಟಿಸು ಮುಟ್ಟಿದ 90 ದಿನಗಳಲ್ಲಿ ತೀರ್ಮಾನವಾಗಬೇಕು. ಹೊಲ, ಮನೆ ಮಕ್ಕಳ ಹೆಸರಿಗೆ ಮಾಡಿಕೊಡುವ ಹಿರಿಯರು "ನಮ್ಮನ್ನು ನೋಡಿಕೊಳ್ಳತಕ್ಕದ್ದು" ಎಂಬ ಷರತ್ತನ್ನು ದಾನಪತ್ರದಲ್ಲಿ ಬರೆಸಲೇಬೇಕು. ಆಗ ಮಾತು ತಪ್ಪಿದವರಿಂದ ಆಸ್ತಿ ವಾಪಸ್ ಪಡೆಯಲು ಅದೇ ಕಾಯ್ದೆಯ 23ನೇ ಕಲಮಿನಲ್ಲಿ ಅವಕಾಶವಿದೆ. ಹಿರಿಯರಿಗೆ ನೆರವಾಗುವಂತೆ ಈ ಕಾಯ್ದೆಯನ್ನು ಉದಾರವಾಗಿ ಓದಬೇಕೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಕಚೇರಿಗೆ ಹೋಗಲಾಗದವರು, ಯಾರಿಗೆ ಹೇಳಬೇಕೆಂದು ತಿಳಿಯದವರು ಹಿರಿಯರ ಸಹಾಯವಾಣಿಗೆ ಫೋನ್ ಮಾಡಿ. ಮುಂಜಾನೆ 8ರಿಂದ ರಾತ್ರಿ 8ರವರೆಗೆ ಮಾತಾಡಬಹುದು, ದುಡ್ಡು ಬೀಳುವುದಿಲ್ಲ. ನಂಬರ್ ಬರೆದುಕೊಳ್ಳಿ: 14567.